ಹೊಳೆಯಲ್ಲಿ ಸಿಕ್ಕ ತಪ್ಪಲೆ

ಹಲಸೂರು
ಸೆಪ್ಟೆಂಬರ್ ೧೮, ಗುರುವಾರ

ಪ್ರೀತಿಯ ಜಯಂತ್,

ನಿನ್ನ ತಪ್ಪಲೆ ಸಿಕ್ಕಿದೆ. ಸೋಮವಾರ ಬೆಳಗ್ಗೆ ಫೋನ್ ಮಾಡಿ ತಿಳಿಸಿದವರು ನಿಮ್ಮ ಟೂರ್ ಮ್ಯಾನೇಜರ್ ದೊಡ್ಡಮುನಿಯಪ್ಪನವರು. ಅವರಿಗೆ ತಿಳಿಸಿದ್ದು ಹಿಮಾಲಯದ ಆ ಕಣಿವೆಯ ಪೊಲೀಸ್ ಠಾಣೆ. ಹೇಗಿದ್ದೀಯ ಎಂದು ಕೇಳದೆ ನೇರ ಸುದ್ದಿಗೆ ಇಳಿದೆ ನೋಡು. ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು, ಮೊದಲು ಕ್ಷೇಮ, ಆಮೇಲೆ ಸಮಾಚಾರ ಅಂತ. ಆದ್ದರಿಂದ ಕೇಳುತ್ತೇನೆ. ಹೇಗಿದ್ದೀಯ? ಊಟ ಆಯಿತಾ? ನಾವು ಇದ್ದೇವೆ. ಡಾಕ್ಟರು ಅಮ್ಮನ ಬಿಪಿ ಮಾತ್ರೆ ಜಾಸ್ತಿ ಮಾಡಿದ್ದಾರೆ. ಮಂಡಿ ನೋವು ಹಾಗೇ ಇದೆ. ನಾನು ಎಂದಿನಂತೆ ವಿಮಾ ಕಚೇರಿಗೆ ಹೋಗಿ ಬರುತ್ತಿದ್ದೇನೆ. ನಿನ್ನ ಫೋನಿಗೆ ಕಳಿಸಿದ ಮೆಸೇಜುಗಳ ಪಕ್ಕ ಇನ್ನೂ ಒಂದೇ ಟಿಕ್ ಇರುವುದರಿಂದ ಕಾಗದ ಬರೆಯುತ್ತಿದ್ದೇನೆ. ಯಾವ ವಿಳಾಸಕ್ಕೆ ಹಾಕಬೇಕೋ ಗೊತ್ತಿಲ್ಲ.

ಹೊಳೆಯ ನೆರೆ ಇಳಿದ ಮೇಲೆ ಮರಳು ತೆಗೆಯುವವರಿಗೆ ಸಿಕ್ಕಿತಂತೆ, ನೀನು ಒಲೆ ಹೂಡಿದ್ದ ಜಾಗದಿಂದ ತುಂಬಾ ಕೆಳಗೆ. ಒಂದು ಪಕ್ಕ ನೆಗ್ಗಿದೆ. ಕಂಠದ ಸುತ್ತ ಏನೋ ಕೊರೆದಿದೆ, ಅದು ಯಾವ ಭಾಷೆಯೆಂದು ಠಾಣೆಯವರಿಗೆ ತಿಳಿಯಲಿಲ್ಲ. ಫೋಟೊ ತೆಗೆದು, ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋಗಿದ್ದ ಟೂರಿನವರಿಗೆಲ್ಲ ಕಳಿಸಿದ್ದಾರೆ. ಅದು ದೊಡ್ಡಮುನಿಯಪ್ಪನವರಿಗೆ ಬಂದು, ಅವರಿಂದ ನನಗೆ ಬಂತು. 'ಮುನಿರತ್ನಮ್ಮ, ಹಲಸೂರು' ಎಂದು ಓದಿದೆ. ಅಮ್ಮನ ಮದುವೆಗೆ ತಾತ ಶಿವಾಜಿನಗರದ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸಿ ಕೊಟ್ಟ ಹಿತ್ತಾಳೆ ತಪ್ಪಲೆ. ಬೇರೆ ಪಾತ್ರೆಯಲ್ಲಿ ಪಾಯಸ ಹದ ಬರುವುದಿಲ್ಲ ಎಂದು ಹಟ ಮಾಡಿ, ಅಡುಗೆಗೆ ಹೋಗುವ ಪ್ರತಿ ಟೂರಿಗೂ ಹೊತ್ತುಕೊಂಡು ಹೋಗುತ್ತಿದ್ದೆಯಲ್ಲ, ಅದೇ. ಅಮ್ಮನಿಗೆ ತೋರಿಸಿದೆ. ಅಳಲಿಲ್ಲ. ಕನ್ನಡಕ ತರಿಸಿಕೊಂಡು, ಫೋಟೊ ದೊಡ್ಡದು ಮಾಡು ಎಂದಳು. ತುಂಬಾ ಹೊತ್ತು ನೋಡಿ, "ತಳ ಕಾಣ್ತಿಲ್ಲ ವೇದಾ. ಅಡಿ ಹಿಡಿದಿದೆಯಾ ಕೇಳು" ಎಂದಳು. ಅವಳು ಏನು ತಿಳಿಯಬೇಕೆಂದು ಕೇಳಿದಳೋ ನನಗೆ ಗೊತ್ತು. ತಳ ಸೀದಿಲ್ಲದಿದ್ದರೆ, ನೀನು ಒಲೆಯವರೆಗೆ ತಲುಪಿ ಪಾತ್ರೆ ಇಳಿಸಿದ್ದೆ ಎಂದರ್ಥ. ದೊಡ್ಡಮುನಿಯಪ್ಪನವರನ್ನು ಕೇಳಿದೆ. "ಮರಳು ಉಜ್ಜಿಬಿಟ್ಟಿದೆಯಮ್ಮಾ, ಒಳಗೂ ಹೊರಗೂ. ಏನೂ ಹೇಳೋಕಾಗಲ್ಲ" ಎಂದರು.

ಆ ದಿನದ ವಿಷಯ ನಮಗೆ ಗೊತ್ತಿರುವುದು ಬಾಣಸವಾಡಿಯ ಶ್ರೀನಿವಾಸ್ ಅವರಿಂದ. ನಿನ್ನ ಬಸ್ಸಿನಲ್ಲಿದ್ದವರು, ವಾಪಸು ಬಂದ ವಾರದಲ್ಲೇ ಹಣ್ಣು ಹಿಡಿದುಕೊಂಡು ಮನೆಗೆ ಬಂದಿದ್ದರು. ಅವರು ಹೇಳಿದ್ದು ಇಷ್ಟು: ಅದು ವರಮಹಾಲಕ್ಷ್ಮಿ ಹಬ್ಬದ ದಿನ. ಮುಂದೆ ಕಲ್ಲು ಉರುಳಿ ರಸ್ತೆ ಮುಚ್ಚಿತ್ತು, ಬಸ್ಸು ನಿಂತಿತ್ತು. ಹೆಂಗಸರು ಹಬ್ಬದೂಟ ಕೇಳಿದರೆಂದು ನೀನು ನೀರಿಗೆ ಹತ್ತಿರ, ಹೊಳೆಯ ಪಕ್ಕದಲ್ಲೇ ಒಲೆ ಹಚ್ಚಿದೆ. ಹೊಳೆ ಉಕ್ಕಿ ಬರುತ್ತಿದೆ ಎಂದು ಮೇಲಿನ ಹಳ್ಳಿಯವರು ಸಿಳ್ಳೆ ಹಾಕಿ ಕೂಗಿದಾಗ ಎಲ್ಲರನ್ನೂ ದಿಣ್ಣೆಗೆ ಹತ್ತಿಸಿದವನು ನೀನೇ, ನಡೆಯಲಾಗದ ಒಬ್ಬ ಅಜ್ಜಿಯನ್ನು ಎತ್ತಿಕೊಂಡೂ ಹೋದೆಯಂತೆ. ಆಮೇಲೆ, "ಪಾಯಸ ಒಲೆ ಮೇಲಿದೆ ಸಾರ್, ಇಳಿಸಿ ಬಂದ್ಬಿಡ್ತೀನಿ" ಎಂದು ಮತ್ತೆ ಇಳಿದೆ. ಬಸ್ಸಿನ ಜನ ಎಲ್ಲರೂ ಮನೆ ಸೇರಿದ್ದಾರೆ. ಶ್ರೀನಿವಾಸ್ ಹೇಳುವಷ್ಟು ಹೊತ್ತೂ ನೆಲ ನೋಡುತ್ತಿದ್ದರು. ಅಮ್ಮ ಅವರಿಗೆ ಕಾಫಿ ಕೊಟ್ಟು, "ಒಲೆ ಮೇಲೆ ಪಾತ್ರೆ ಬಿಟ್ಟು ಎದ್ದು ಹೋಗ್ಬಾರ್ದು ಅಂತ ಅವನಿಗೆ ನಾನೇ ಹೇಳ್ಕೊಟ್ಟಿದ್ದು" ಎಂದಳು. ಅವರು ಅರ್ಧ ಕಾಫಿ ಬಿಟ್ಟು ಎದ್ದರು.

ನೀನು ಮೊದಲ ಸಲ ಬೆಟ್ಟದಿಂದ ಫೋನ್ ಮಾಡಿದ್ದು ನೆನಪಿದೆ. "ಅಕ್ಕಾ, ಸುತ್ತ ಹಿಮ ಬಿದ್ದಿದೆ, ಬೆಳ್ಳಿ ತಟ್ಟೆ ಬೋರಲು ಹಾಕಿದ ಹಾಗಿದೆ, ನಮ್ಮ ಜನ ಮಾತ್ರ ತಿರುಗಿ ನೋಡದೆ ತಿಳಿಸಾರು ಆಯ್ತಾ ಅಂತ ಕೇಳ್ತಿದಾರೆ" ಎಂದು ನಗುತ್ತಿದ್ದೆ. ಅವರಿಗೆ ತಿಳಿಸಾರು ಬಡಿಸಿ ನೀನು ಮಾತ್ರ ರಸ್ತೆ ಬದಿಗೆ ಹೋಗಿ ಮೋಮೋ ತಿನ್ನುತ್ತಿದ್ದೆ. ಊರಿಗೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಇಂದಿರಾನಗರದ ಗಾಡಿಯಿಂದ ಪೊಟ್ಟಣ ತಂದರೆ ಅಮ್ಮ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. "ಒಳಗೇನು ತುಂಬಿದಾರೋ ದೇವರಿಗೂ ಗೊತ್ತಿಲ್ಲ, ಆಚೆ ತಿಂದು ಬಾಯಿ ತೊಳ್ಕೊಂಡು ಬಾ" ಎನ್ನುತ್ತಿದ್ದಳು. ನೀನು ಮೆಟ್ಟಿಲ ಮೇಲೆ ಕೂತು, ಹಿಮಾಲಯದಲ್ಲಿ ನನಗೆ ಎಷ್ಟು ಮರ್ಯಾದೆ ಇದೆ ಗೊತ್ತಾ ಎಂದು ಒಳಗೆ ಕೇಳಿಸುವ ಹಾಗೆ ಹೇಳಿಕೊಂಡು ತಿನ್ನುತ್ತಿದ್ದೆ.

ನೀನಿಲ್ಲದೆ ಹಬ್ಬಗಳು ಒಂದರ ಹಿಂದೆ ಒಂದು ಬಂದು ಹೋದವು. ನೀನು ಟೂರಿಗೆ ಹೋದಾಗ ಅಮ್ಮ ನಿನ್ನ ಪಾಲು ಎತ್ತಿಡುತ್ತಿದ್ದಳಲ್ಲ, ಈಗಲೂ ಎತ್ತಿಡುತ್ತಾಳೆ. ಗಣೇಶನ ಹಬ್ಬದ ಕಡುಬು ಫ್ರಿಜ್ಜಿನ ಮೇಲಿನ ತಟ್ಟೆಗೆ ಹೋಯಿತು. ಮಿಲಾದ್‌ಗೆ ಮಹಡಿಯ ನೂರುನ್ನೀಸಾ ಬಿರಿಯಾನಿ ಕಳಿಸಿದರು, ಎಂದಿನಂತೆ ನಿನಗೆ ಬೇರೆ ಡಬ್ಬಿ. "ಡಬ್ಬಿ ವಾಪಸ್ ಕೊಡೋಕೆ ಹೇಳಮ್ಮಾ, ಅವನು ಒಂದೂ ಕೊಟ್ಟಿಲ್ಲ" ಎಂದವರು ಬಾಗಿಲಲ್ಲೇ ಸೆರಗಿನಿಂದ ಮುಖ ಮುಚ್ಚಿಕೊಂಡರು. ಶಿವಾಜಿನಗರದ ಮೇರಿ ಮಾತೆ ಹಬ್ಬಕ್ಕೆ ಪ್ರತಿ ವರ್ಷ ನೀನು ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೆ. ಈ ಸಲ ನಾನು ಹೋದೆ. ಅವಳು ಮೇಣದಬತ್ತಿ ಹಚ್ಚಿ, ಕಡ್ಲೆಪುರಿ ಕೊಂಡು, ಅದರಲ್ಲೂ ಒಂದು ಪೊಟ್ಟಣ ನಿನಗೆ ತೆಗೆದಿಟ್ಟಳು. ವಾರ ಕಳೆದರೆ ಅನ್ನ, ಕಡುಬು ಹಳಸುತ್ತವೆ. ನಾನು ಕಚೇರಿಗೆ ಹೊರಡುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ ಎಸೆದು ಬರುತ್ತೇನೆ. ಅವಳಿಗೆ ಗೊತ್ತು. ಸಂಜೆ ಖಾಲಿ ಡಬ್ಬಿ ತೊಳೆದು ಮತ್ತೆ ಅಲ್ಲೇ ಇಡುತ್ತಾಳೆ.

ಈಗ ಬಂದಿರುವುದು ಮಹಾಲಯ ಅಮಾವಾಸ್ಯೆ, ಈ ಭಾನುವಾರ. ಅಪ್ಪನ ಫೋಟೊದ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದ ಮಟನ್ ಸಾರು, ವಡೆ, ಕಜ್ಜಾಯ ಬಡಿಸಿ ಎಡೆ ಇಡಬೇಕು. ಮಂಗಳವಾರ ಮುತ್ತಣ್ಣ ಚಿಕ್ಕಪ್ಪ ಬಂದಿದ್ದರು. ತಪ್ಪಲೆಯ ವಿಷಯ ಕೇಳಿ, "ಅತ್ತಿಗೆ, ಈ ಸಲ ಜಯಂತನಿಗೂ ಒಂದೆಲೆ ಹಾಕ್ಬಿಡಿ" ಎಂದರು. ಅಮ್ಮ, "ಬದುಕಿರೋನಿಗೆ ಎಡೆ ಇಟ್ರೆ ಆಯಸ್ಸು ಕಮ್ಮಿ ಆಗುತ್ತೆ ಮುತ್ತಣ್ಣ" ಎಂದಳು. "ಹೋಗಿರೋನಿಗೆ ಇಡದಿದ್ರೆ? ಊರಿಗೆಲ್ಲ ಬಡಿಸಿದ ಹುಡುಗ, ನಮ್ಮನೆ ಬಾಗ್ಲಲ್ಲಿ ಹಸ್ಕೊಂಡು ನಿಂತಿರ್ಬೇಕಾ?" ಎಂದು ಅವರು ಕೇಳಿದರು. ಅಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಚಿಕ್ಕಪ್ಪ ನನ್ನ ಕಡೆ ನೋಡಿದರು. ತಪ್ಪಲೆ ಸಿಕ್ಕಿದೆ, ನೀನು ಸಿಕ್ಕಿಲ್ಲ. ಗೊತ್ತಿರುವುದು ಅಷ್ಟೇ. ಠಾಣೆಯವರು ಹುಡುಕುವುದನ್ನು ನಿಲ್ಲಿಸಿದ್ದಾರೆ, ಆದರೆ ನೀನು ಇಲ್ಲ ಎಂದು ಅವರೂ ಬರೆದುಕೊಟ್ಟಿಲ್ಲ. ಅಲ್ಲಿ ಬರೆಯದಿರುವುದನ್ನು ಇಲ್ಲಿ ಒಂದು ಬಾಳೆಲೆಯಿಂದ ಹೇಳಿಬಿಡಬೇಕಾ ಎಂದು ನನಗೂ ಅನಿಸುತ್ತದೆ. ಚಿಕ್ಕಪ್ಪನ ಮಾತು ನೆನೆದರೆ ಬಾಗಿಲ ಕಡೆ ನೋಡಲೂ ಆಗುವುದಿಲ್ಲ. ಹೇಳುವವಳು ಅಮ್ಮ. ಅವಳು ಎರಡು ದಿನದಿಂದ ಏನೂ ಹೇಳಿಲ್ಲ.

ದೊಡ್ಡಮುನಿಯಪ್ಪನವರ ಇನ್ನೊಂದು ತಂಡ ಆ ದಾರಿಯಲ್ಲೇ ವಾಪಸು ಬರುತ್ತಿದೆ, ತಪ್ಪಲೆಯನ್ನು ಅವರ ಕೈಗೆ ಕೊಟ್ಟಿದ್ದಾರೆ. ನೀನು ಎಲ್ಲಿದ್ದರೂ ಬೆಚ್ಚಗೆ ಹೊದ್ದುಕೊ, ಅಲ್ಲಿ ಚಳಿ ಶುರುವಾಗಿರುತ್ತದೆ. ನೂರುನ್ನೀಸಾ ಅವರ ದುವಾ ದಿನಾ ಇದೆ. ಅಮ್ಮನ ಆಶೀರ್ವಾದ ಎಂದು ಅವಳನ್ನು ಕೇಳದೆ ನಾನೇ ಬರೆಯುತ್ತಿದ್ದೇನೆ.

ನಿನ್ನ ಅಕ್ಕ,
ವೇದಾ

ಮತ್ತೆ: ಕಾಗದ ಮಡಿಸುವಾಗ ಅಮ್ಮ ಅಡುಗೆಮನೆಯಿಂದ ಕೂಗಿ ಕೇಳಿದಳು. "ವೇದಾ, ಇಂದಿರಾನಗರದ ಆ ಮೋಮೋ ಗಾಡಿ ಬೆಳಗ್ಗೆ ಹೊತ್ತು ಇರುತ್ತಾ?" ಸಂಜೆ ಮಾತ್ರ ಎಂದೆ. ಆಮೇಲೆ, "ಶನಿವಾರ ಸಂಜೆ ತಂದಿಡು. ಭಾನುವಾರ ಹಬೆಯಲ್ಲಿ ಬಿಸಿ ಮಾಡ್ತೀನಿ" ಎಂದಳು. ಶನಿವಾರ ಬೆಳಗ್ಗೆ ಆ ತಂಡದ ರೈಲು ಬೈಯಪ್ಪನಹಳ್ಳಿಗೆ ಬರುತ್ತದೆ, ತಪ್ಪಲೆ ತರಲು ನಾನು ಹೋಗುತ್ತೇನೆ. ಪಾಯಸ ಅದರಲ್ಲೇ. ಎಡೆ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ. ಎರಡು ಎಲೆ.