ಕೊಡ ಹೊತ್ತದ್ದನ್ನು ಆಟವೆಂದು ಬರೆದುಕೊಂಡವರಿಗೆ

ಪುಣೆಯ ಒಂದು ವಲಯದ ಶಾಲಾ ಕ್ರೀಡೆ ಮತ್ತು ಆರೋಗ್ಯ ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಕ್ಕಳ ಹೆಜ್ಜೆಗಳನ್ನು ಎಣಿಸಿ ಮುಗಿಸಿದ ಮಾನ್ಯರೇ,

ನಮ್ಮ ಶಾಲೆಯ ಆಟದ ಅವಧಿಯನ್ನು ನೀವು ಕಿತ್ತುಕೊಂಡಿದ್ದೀರಿ. ವಾರಕ್ಕೆ ಎರಡು ದಿನ, ಗುರುವಾರ ಮತ್ತು ಶನಿವಾರ, ನಲವತ್ತು ನಲವತ್ತು ನಿಮಿಷ, ಇದ್ದದ್ದೇ ಅಷ್ಟು. ಆಟದ ಮಾಸ್ತರರನ್ನು ಬೇರೆ ಶಾಲೆಗೆ ಕಳಿಸಿದ್ದೀರಿ. ನಿಮ್ಮ ಆದೇಶದ ಮರಾಠಿಯನ್ನು ಕನ್ನಡಕ್ಕೆ ತಂದರೆ ಕಾರಣ ಹೀಗಿದೆ: "ಈ ಶಾಲೆಯ ವಿದ್ಯಾರ್ಥಿಗಳ ದೈನಂದಿನ ದೈಹಿಕ ಚಟುವಟಿಕೆಯು ವಲಯದಲ್ಲಿಯೇ ಅತ್ಯಧಿಕವಾಗಿರುವುದರಿಂದ ಪ್ರತ್ಯೇಕ ಆಟದ ಅವಧಿಯ ಅಗತ್ಯ ಕಂಡುಬರುವುದಿಲ್ಲ." ಈ ಬಗ್ಗೆ ನಿಮಗೆ ಮರಾಠಿಯಲ್ಲಿ ಎರಡು ಸಲ, ಇಂಗ್ಲಿಷಿನಲ್ಲಿ ಒಂದು ಸಲ ಬರೆದೆ. ಮೂರಕ್ಕೂ ಒಂದೇ ಉತ್ತರ ಬಂತು. ಆದ್ದರಿಂದ ಈ ಸಲ ಕನ್ನಡದಲ್ಲಿ ಬರೆದು ಇಲ್ಲಿಯ ಕನ್ನಡಿಗರ ಪತ್ರಿಕೆಗೆ ಕೊಟ್ಟಿದ್ದೇನೆ. ನಿಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರಿಗೆ ಬರವಿಲ್ಲ, ಯಾರಾದರೂ ಓದಿ ಹೇಳುತ್ತಾರೆ. ಸಿಟ್ಟು ಬಂದಾಗ ನನಗೆ ತಾಯ್ನುಡಿಯೇ ಅನುಕೂಲ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು ಮೂವತ್ತೆಂಟು ವರ್ಷವಾಯಿತು, ಅದರಲ್ಲಿ ಮೂವತ್ತೊಂದು ವರ್ಷ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದೆ. ಕಚೇರಿಯ ಭಾಷೆ ನನಗೆ ಹೊಸದಲ್ಲ. "ಅಗತ್ಯ ಕಂಡುಬರುವುದಿಲ್ಲ" ಎಂದು ನಾನೇ ನೂರಾರು ಸಲ ಟೈಪು ಮಾಡಿದ್ದೇನೆ. ನೋಡಿ ಬರಲು ಯಾರೂ ಕುರ್ಚಿಯಿಂದ ಎದ್ದಿಲ್ಲ ಎಂಬುದೇ ಅದರ ಅರ್ಥ. ಈಗ ನಿವೃತ್ತಳಾಗಿ ಮಗ-ಸೊಸೆಯ ಜೊತೆ ಹಿಂಜವಾಡಿಯ ಹೊಸ ಫ್ಲ್ಯಾಟಿನಲ್ಲಿ, ಹದಿನಾಲ್ಕನೆಯ ಮಹಡಿಯಲ್ಲಿದ್ದೇನೆ. ಎದುರಿಗೆ ಇನ್ನೂ ನಾಲ್ಕು ಕಟ್ಟಡಗಳು ಏಳುತ್ತಿವೆ. ಅವುಗಳ ಬುಡದಲ್ಲಿ ತಗಡಿನ ಶೆಡ್ಡುಗಳು. ಅಲ್ಲಿರುವವರು ಹೆಚ್ಚಾಗಿ ಸಿಂದಗಿ, ಅಫಜಲಪುರ, ಸುರಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರು. ಅವರ ಮಕ್ಕಳು ರಸ್ತೆಯಾಚೆಯ ನಿಮ್ಮ ನಾಲ್ಕು ಕೋಣೆಯ ಶಾಲೆಗೆ ಹೋಗುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಆ ಎರಡರ ನಡುವೆ ಮಾತು ದಾಟಿಸಲೆಂದು ನಾನು ಹೋದದ್ದು. ಒಂದೇ ತಿಂಗಳಲ್ಲಿ ನನ್ನ ಕೆಲಸ ಬದಲಾಯಿತು.

ಈ ಶಾಲೆಯ ಹತ್ತು-ಹನ್ನೊಂದು ವರ್ಷದ ಹುಡುಗಿಯರು ಕೂಸಿನ ಸಮೇತ ಬರುತ್ತಾರೆ. ತಾಯಿ ಇಟ್ಟಿಗೆ ಹೊರಲು ಹೋದರೆ ತಮ್ಮನೋ ತಂಗಿಯೋ ಅಕ್ಕನ ಸೊಂಟಕ್ಕೆ. ಮುಖ್ಯೋಪಾಧ್ಯಾಯಿನಿ ಯಾವುದಾದರೂ ನಿಯಮ ಹುಡುಕಿ ಕೂಸುಗಳನ್ನು ಹೊರಗೆ ಹಾಕಬಹುದಿತ್ತು, ಪುಣ್ಯಾತ್ಮೆ ಹಾಗೆ ಮಾಡಲಿಲ್ಲ. ಪಾಠದ ಹೊತ್ತಿನಲ್ಲಿ ಕೂಸು ಪಕ್ಕದಲ್ಲಿ ಮಲಗುತ್ತದೆ, ಅಳುತ್ತದೆ, ಪಾಟಿ ನೆಕ್ಕುತ್ತದೆ, ಹೇಗೋ ನಡೆಯುತ್ತದೆ. ಆದರೆ ಕೂಸನ್ನು ಎತ್ತಿಕೊಂಡು ಖೋ-ಖೋ ಆಡಲಾಗುವುದಿಲ್ಲ. ಆಟದ ಮಾಸ್ತರ ಮಂದಾರ, ಇಪ್ಪತ್ತಾರು ವರ್ಷದವನು, ಬಂದ ಮೊದಲ ವಾರವೇ ಇದನ್ನು ಕಂಡ. ಹುಡುಗರು ಆಡುತ್ತಿದ್ದರು, ಹುಡುಗಿಯರು ಗೋಡೆಗೆ ಆತುಕೊಂಡು ನಿಂತಿದ್ದರು. ಅವನು ಒಂದು ತಾಡಪತ್ರಿ ಹಾಸಿ, "ಕಾಕೂ, ತುಮ್ಹೀ ಬಸಾ ನಾ" ಅಂದ. ನಾನು ಕೂತೆ. ಏಳು ಕೂಸುಗಳನ್ನು ನನ್ನ ಸುತ್ತ ಇಳಿಸಿ ಏಳು ಹುಡುಗಿಯರು ಓಡಿದರು. ಅಂದಿನಿಂದ ಏಳು ತಿಂಗಳು, ಗುರುವಾರ ಮತ್ತು ಶನಿವಾರ, ಕೂಸು ಹಿಡಿಯುವುದೇ ನನ್ನ ಹುದ್ದೆಯಾಗಿತ್ತು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಷ್ಟು ಉಪಯೋಗದ ಕೆಲಸ ನಾನು ಮಾಡಿರಲಿಲ್ಲ.

ಆ ಏಳು ಜನರಲ್ಲಿ ಒಬ್ಬಳು ಕಾಶವ್ವ. ಐದನೆಯ ತರಗತಿ, ಹನ್ನೊಂದು ವರ್ಷ. ಅವಳ ತಮ್ಮ ಮಾಂತು, ಒಂದೂವರೆ ವರ್ಷದವನು, ಎತ್ತಿದರೆ ಗುಂಡುಕಲ್ಲು. ಮೊದಲ ದಿನ ಅವಳು ಓಡಿದ್ದನ್ನು ನೀವು ನೋಡಬೇಕಿತ್ತು. ಮಾಂತು ನನ್ನ ಮಡಿಲಲ್ಲಿದ್ದ. ಆದರೂ ಅವಳ ಎಡಗೈ ಸೊಂಟದ ಬಳಿ ಬಾಗಿಯೇ ಇತ್ತು, ಕೂಸು ಇನ್ನೂ ಅಲ್ಲೇ ಇದೆ ಎಂಬಂತೆ. ಒಂದು ಸೊಂಟ ಹೊರಗೆ ಚಾಚಿ, ಒಂದು ಭುಜ ಮೇಲೆತ್ತಿ, ವಾರೆಯಾಗಿ ಓಡಿದಳು. ಹುಡುಗರು ನಕ್ಕರು, ಮಂದಾರ ನಗಲಿಲ್ಲ. ಆ ಕೈ ಕೆಳಗಿಳಿದು, ಓಟಕ್ಕೆ ತಕ್ಕಂತೆ ಹಿಂದೆ ಮುಂದೆ ಬೀಸತೊಡಗಿದ್ದು ದೀಪಾವಳಿಯ ರಜೆ ಮುಗಿದ ಮೇಲೆ. ಅವತ್ತು ಮಾಂತುವಿನ ಮೂಗು ಒರೆಸುವ ನೆಪದಲ್ಲಿ ನನ್ನ ಕಣ್ಣನ್ನೂ ಒರೆಸಿಕೊಂಡೆ.

ಅಷ್ಟರಲ್ಲಿ ನಿಮ್ಮ ಸಮೀಕ್ಷೆ ಬಂತು. ಮಕ್ಕಳ ಮಣಿಕಟ್ಟಿಗೆ ಹತ್ತು ದಿನ ಕಟ್ಟಲು ಹೆಜ್ಜೆ ಎಣಿಸುವ ಪಟ್ಟಿಗಳನ್ನು ಕಳಿಸಿದಿರಿ. ನನ್ನ ಸೊಸೆ ನೀತಾಳ ಕೈಯಲ್ಲೂ ಅಂಥದೇ ಇದೆ. ದಿನವಿಡೀ ಕಂಪನಿಯಲ್ಲಿ ಕೂತು, ಕ್ಯಾಬಿನಲ್ಲಿ ಎರಡು ತಾಸು ಕೂತು ಮನೆಗೆ ಬಂದವಳು, ಹತ್ತು ಸಾವಿರ ತುಂಬಿಸಲು ಸೋಫಾದ ಸುತ್ತ ತಿರುಗುತ್ತಾಳೆ. ತುಂಬಿದ ಕೂಡಲೇ ಫೋನಿನಲ್ಲಿ ಬಲೂನು ಹಾರುತ್ತವೆ. ಇದನ್ನು ನೋಡಿ ನೋಡಿ, ಹೆಚ್ಚು ಹೆಜ್ಜೆ ಎಂದರೆ ಹೆಚ್ಚು ಮರ್ಯಾದೆ ಎಂದು ನಾನೂ ನಂಬಿದ್ದೆ. ಶಾಲೆಯ ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಮಾತ್ರ ಪಟ್ಟಿ ಕಟ್ಟಬೇಕು ಎಂದು ನಿಮ್ಮ ಸೂಚನಾಪತ್ರದಲ್ಲಿತ್ತು. ಅದನ್ನು ಮಕ್ಕಳಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ನನ್ನದು. ನಾನು ತಿಳಿಸಿದ್ದೇ ಬೇರೆ. "ಮಲಗೂತನಾ ಬಿಚ್ಚಬ್ಯಾಡ್ರಿ. ನೀರಿಗೆ ಹೋದ್ರೂ ಕಟಗೊಂಡೇ ಹೋಗ್ರಿ. ದೊಡ್ಡ ಸಾಲಿಯವರ ಮುಂದ ನಮ್ಮ ಮಾನ ಹೋಗಬಾರದು" ಅಂದೆ. ನಮಗೆ ಮೈದಾನವಿಲ್ಲ, ಇರುವುದು ಒಂದು ಅಂಗಳ; ಲೆಕ್ಕದಲ್ಲಾದರೂ ಹಿಂದೆ ಬೀಳಬಾರದು ಎಂಬ ಹುಂಬತನ. ತಪ್ಪು ನನ್ನದು, ಅದನ್ನು ಮುಚ್ಚಿಡುವುದಿಲ್ಲ.

ಮಕ್ಕಳು ನನ್ನ ಮಾತು ಕೇಳಿದರು. ನಮ್ಮ ಶಾಲೆಯ ಸರಾಸರಿ ದಿನಕ್ಕೆ ಹದಿನಾರು ಸಾವಿರ ಹೆಜ್ಜೆ. ಹುಲ್ಲಿನ ಮೈದಾನವೂ ಮೂವರು ಕ್ರೀಡಾ ಶಿಕ್ಷಕರೂ ಇರುವ ಶಾಲೆಯದು ಏಳು ಸಾವಿರ. ನೀವೇ ಖುದ್ದಾಗಿ ಬಂದು ನಮಗೆ "ಚುರುಕು ಶಾಲೆ" ಎಂಬ ಕಟ್ಟು ಹಾಕಿದ ಪ್ರಮಾಣಪತ್ರ ಕೊಟ್ಟಿರಿ. ಎಲ್ಲರಿಗಿಂತ ಹೆಚ್ಚು ಹೆಜ್ಜೆ ಹಾಕಿದ ಕಾಶವ್ವನ ಕೊರಳಿಗೆ ಪದಕ ಹಾಕಿದಿರಿ. "ಕುಠಲಾ ಖೇಳ ಆವಡತೋ, ಬೇಟಾ?" ಎಂದು ಕೇಳಿದಿರಿ. ಯಾವ ಆಟ ಇಷ್ಟ ಎಂದರೆ ಅವಳಿಗೆ ಚೆನ್ನಾಗಿ ಗೊತ್ತು. "ಖೋ-ಖೋ, ಸರ್. ಗುರುವಾರೀ ಆಣಿ ಶನಿವಾರೀ" ಅಂದಳು. "ಆಣಿ ಬಾಕೀಚ್ಯಾ ದಿವಶೀ?" ಎಂದಿರಿ. ಅವಳು ನನ್ನ ಕಡೆ ನೋಡಿದಳು. ನೀವು ನಕ್ಕು, ತಲೆ ಸವರಿ, ಮುಂದಿನ ಹುಡುಗನ ಕಡೆ ಹೋದಿರಿ. ಉಳಿದ ದಿನಗಳಲ್ಲಿ ಏನು ಮಾಡುತ್ತೀ ಎಂಬ ಪ್ರಶ್ನೆ ಬಹಳ ಒಳ್ಳೆಯದು, ಸಾಹೇಬರೇ. ಉತ್ತರಕ್ಕೆ ಅರ್ಧ ನಿಮಿಷ ಕಾಯಬೇಕಿತ್ತು.

ಎಂಟು ದಿನಕ್ಕೆ ಆದೇಶ ಬಂತು.

ನೀವು ಕಾಯದ ಆ ಉತ್ತರ ನಿಮ್ಮ ಕಚೇರಿಯಲ್ಲೇ ಇತ್ತು. ಪ್ರತಿ ಮಗುವಿನ ಗಂಟೆವಾರು ಲೆಕ್ಕವನ್ನು ಶಾಲೆಗೂ ಕಳಿಸಿದ್ದಿರಿ. ಅದನ್ನು ಓದುವುದನ್ನು ನೀತಾ ನನಗೆ ಕಲಿಸಿದಳು. ಕಾಶವ್ವನ ಒಂದು ಗುರುವಾರವನ್ನು ನಿಮಗೆ ಓದಿ ಹೇಳುತ್ತೇನೆ. ಬೆಳಗಿನ ಐದೂವರೆಯಿಂದ ಏಳೂವರೆಯೊಳಗೆ ಆರು ಸಾವಿರ ಚಿಲ್ಲರೆ ಹೆಜ್ಜೆ. ಅದು ಗೇಟಿನ ಬಳಿಯ ನೀರಿನ ಟಾಕಿಯಿಂದ ಶೆಡ್ಡಿನವರೆಗೆ ಒಂಬತ್ತು ಕೊಡ ನೀರು. ಮಧ್ಯಾಹ್ನದ ಬಿಡುವಿನಲ್ಲಿ ಎರಡು ಸಾವಿರ. ಅದು ಏಳನೆಯ ಮಹಡಿಯಲ್ಲಿ ಸೆಂಟ್ರಿಂಗ್ ಕಟ್ಟುವ ಅಪ್ಪನಿಗೆ ಬುತ್ತಿ. ಅಲ್ಲಿ ಲಿಫ್ಟು ಇನ್ನೂ ಕೂತಿಲ್ಲ. ಸಂಜೆ ಮತ್ತೆ ನೀರು, ಒಲೆಗೆ ಕಟ್ಟಿಗೆಯ ಚೂರು, ಅಂಗಡಿ, ಸೊಂಟದ ಮೇಲೆ ಮಾಂತು: ಏಳು ಸಾವಿರ. ತರಗತಿಯ ಹೊತ್ತಿನಲ್ಲಿ ಗೆರೆ ನೆಲ ಹಿಡಿದು ಮಲಗಿದೆ. ಮಧ್ಯಾಹ್ನ ಎರಡು ಗಂಟೆಯ ನಂತರ ಮಾತ್ರ ಒಂದು ಸಣ್ಣ ಗುಡ್ಡ, ಹತ್ತೊಂಬತ್ತು ನೂರು ಹೆಜ್ಜೆ. ಅದು ಖೋ-ಖೋ. ಸುಮಾರು ಹದಿನೇಳು ಸಾವಿರದಲ್ಲಿ ಅವಳು ತನಗಾಗಿ ಹಾಕಿದ್ದು ಆ ಹತ್ತೊಂಬತ್ತು ನೂರು. ನೀವು ಉಳಿದದ್ದೆಲ್ಲ ಹಾಗೇ ಇರಲೆಂದು ಬಿಟ್ಟು, ಅದೊಂದನ್ನು ಕತ್ತರಿಸಿದ್ದೀರಿ.

ನನ್ನ ತಪ್ಪು ಒಪ್ಪಿಕೊಳ್ಳಲು ನಿಮ್ಮ ಕಚೇರಿಗೆ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ನಿಮ್ಮ ಗುಮಾಸ್ತ ಮಧುಕರ ಸೋಲಾಪುರದ ಕಡೆಯವನು, ಒಳ್ಳೆಯವನು, ಚಹಾ ತರಿಸಿದ. ಎಲ್ಲ ಕೇಳಿ, "ಕಾಕೂ, ಮೈಗೇನು ಗೊತ್ತಾಗ್ತದ್ರಿ, ಅದು ನೀರು ಹೊರಲಾಕತ್ತದೋ ಆಡಲಾಕತ್ತದೋ? ವ್ಯಾಯಾಮ ಅಂದ್ರ ವ್ಯಾಯಾಮ ಅಲ್ಲೇನ್ರಿ?" ಅಂದ. ಚಹಾ ಕುಡಿದ ಋಣಕ್ಕೆ ನಾನು ಜಗಳಕ್ಕೆ ನಿಲ್ಲದೆ ಎದ್ದು ಬಂದೆ. ಆದರೆ ಹದಿನೈದು ದಿನದ ಮೇಲೆ ನಿಮ್ಮ ಸಹಿಯ ಪತ್ರದಲ್ಲೂ ಅದೇ ಮಾತು ಬಂತು, ಇನ್ನಷ್ಟು ಗಂಭೀರ ಭಾಷೆಯಲ್ಲಿ: "ಪಟ್ಟಿಯನ್ನು ಶಾಲಾ ಸಮಯದ ಹೊರಗೆ ಧರಿಸಿದ್ದರೂ ಚಟುವಟಿಕೆಯು ಚಟುವಟಿಕೆಯೇ ಆಗಿರುತ್ತದೆ." ನಿಮ್ಮದೇ ಸೂಚನಾಪತ್ರವನ್ನು ನೀವೇ ಬದಿಗಿಟ್ಟಿರಿ. ಸಂಖ್ಯೆ ಅಷ್ಟು ಚೆಂದ ಬಂದಿರುವಾಗ ತಪ್ಪನ್ನು ಯಾರು ತಿದ್ದುತ್ತಾರೆ?

ಹೌದಾ, ಸಾಹೇಬರೇ? ಚಟುವಟಿಕೆ ಚಟುವಟಿಕೆಯೇ? ಹಾಗಾದರೆ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲರೆಲ್ಲ ಕ್ರೀಡಾಪಟುಗಳು, ಅವರಿಗೂ ಒಂದೊಂದು ಪದಕ ಹಾಕಿ ಬನ್ನಿ. ನಿಮ್ಮ ಮನೆಯ ಪಾತ್ರೆ ತಿಕ್ಕಿ, ನೆಲ ಒರೆಸಿ, ಇನ್ನೂ ನಾಲ್ಕು ಮನೆಗೆ ಓಡುವ ಕೆಲಸದ ಹೆಂಗಸಿಗೆ ದಿನಾಲೂ ಎಷ್ಟು ಹೆಜ್ಜೆ ಬೀಳುತ್ತದೆಂದು ಒಮ್ಮೆ ಪಟ್ಟಿ ಕಟ್ಟಿ ನೋಡಿ. ನಮ್ಮ ಕಟ್ಟಡದ ಕೆಳಗೆ ಹವಾನಿಯಂತ್ರಿತ ಜಿಮ್ ಇದೆ. ಅಲ್ಲಿ ಓಡಿದಲ್ಲೇ ಓಡುವವರಿಗೆ ನಾಳೆಯಿಂದ ಎರಡೆರಡು ಕೊಡ ಕೊಟ್ಟು ಶೆಡ್ಡಿಗೆ ನೀರು ಹಾಕಿ ಬರಲು ಹೇಳಿದರೆ ಒಪ್ಪುತ್ತಾರೆಯೇ? ನಿಮ್ಮ ಮನೆಯ ಮಕ್ಕಳು ಈಜಲು ಹೋಗುತ್ತಾರೋ ಬ್ಯಾಡ್ಮಿಂಟನ್ನಿಗೆ ಹೋಗುತ್ತಾರೋ ನನಗೆ ತಿಳಿಯದು. ಎಲ್ಲಿಗೇ ಹೋಗಲಿ, ಅವರು ಸಾಕೆನಿಸಿದಾಗ ನಿಲ್ಲಬಹುದು. ಕಾಶವ್ವ ಐದನೆಯ ಕೊಡಕ್ಕೆ ನಿಲ್ಲಲಾರಳು. ಖೋ ಸಿಕ್ಕಿದಾಗ ಎಡಕ್ಕೆ ಓಡಲೋ ಬಲಕ್ಕೆ ಓಡಲೋ ಎಂದು ಅವಳೇ ನಿರ್ಧರಿಸುತ್ತಿದ್ದಳು. ಅವಳ ದಿನದಲ್ಲಿ ಅವಳೇ ನಿರ್ಧರಿಸುವ ಬೇರೆ ಯಾವ ವಿಷಯವೂ ನನಗೆ ಕಂಡಿಲ್ಲ. ಇದನ್ನು ಅಳೆಯುವ ಪಟ್ಟಿ ನಿಮ್ಮಲ್ಲಿ ಇಲ್ಲದಿದ್ದರೆ ಇಲ್ಲವೆಂದು ಬರೆಯಿರಿ, ಅಗತ್ಯವಿಲ್ಲವೆಂದು ಬರೆಯಬೇಡಿ.

ಬಡವರ ಮಕ್ಕಳು ಹೇಗೂ ಗಟ್ಟಿ ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಕಚೇರಿಯಲ್ಲಿ ಕೂತು ನಾನೂ ಹೇಳಿದ್ದುಂಟು. ತಾಡಪತ್ರಿಯ ಮೇಲೆ ಕೂತ ಮೇಲೆ ಹೇಳುವುದು ನಿಂತಿತು.

ಈಗ ನಿಮ್ಮ ಆದೇಶದ ಫಲ ಕೇಳಿ. ಆಟ ನಿಂತ ವಾರವೇ ಏಳು ಹುಡುಗಿಯರಲ್ಲಿ ನಾಲ್ವರು ಶಾಲೆ ಬಿಟ್ಟರು. ಕಾಶವ್ವ ಅವರಲ್ಲಿ ಒಬ್ಬಳು. ಅವಳ ತಾಯಿ ಅವ್ವಮ್ಮನನ್ನು ಕೇಳಲು ಹೋದೆ. ಸಿಮೆಂಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಅವಳೆಂದಳು: "ಯಕ್ಕಾ, ಆಟ ಇತ್ತಂದ್ರ ಪೋರಿ ಹಟಾ ಮಾಡಿ ಬರತಿತ್ರಿ. ಗುರುವಾರದ ಸಲುವಾಗಿ ಉಳದ ದಿನಾನೂ ಬರತಿತ್ತು. ಈಗ ನಾ ಯಾವ ಬಾಯಿಲಿಂದ ಹೋಗು ಅನ್ನಲಿ? ಸೈಟಿನ ಮ್ಯಾಗ ಆರು ಕೂಸು ಅದಾವ. ಒಂದನೇ ತಾರೀಖಿನಿಂದ ಇಕಿನ್ನ ಅಲ್ಲೇ ಕೂಡಸು ಅಂತ ಮುಕಾದಮ ಹೇಳ್ಯಾನ." ಮೇಸ್ತ್ರಿ ಹೇಳಿದ್ದು ಕೂಸು ಕಾಯುವ ಕೆಲಸ. ದಿನಪೂರ್ತಿ. ಹನ್ನೊಂದು ವರ್ಷದ ಹುಡುಗಿಗೆ. ಒಮ್ಮೆ ಅಲ್ಲಿ ಕೂತವಳು ಮತ್ತೆ ಶಾಲೆಗೆ ಬರುವುದಿಲ್ಲ ಎಂಬುದು ನನಗೂ ಗೊತ್ತು, ಅವ್ವಮ್ಮನಿಗೂ ಗೊತ್ತು. ಓದಿನ ಮಹತ್ವದ ಬಗ್ಗೆ ನಾನು ಏನೇನೋ ಹೇಳಿದೆ. ಅವಳು ಕೇಳಿ, "ನೀವು ಅನ್ನೂದು ಖರೇ ಅದರಿ" ಎಂದು ಬುಟ್ಟಿ ಎತ್ತಿಕೊಂಡಳು.

ಹೋದ ಗುರುವಾರ ಎರಡು ಗಂಟೆಗೆ ಮತ್ತೆ ಶೆಡ್ಡಿಗೆ ಹೋದೆ. ಕಾಶವ್ವ ಬಾಗಿಲಲ್ಲೇ ಇದ್ದಳು. ನನ್ನನ್ನು ಕಂಡವಳೇ ಮಾಂತುವನ್ನು ತಂದು ನನ್ನ ಕೈಗೆ ಕೊಟ್ಟಳು, ಅಭ್ಯಾಸ ಬಲ. ಕೊಟ್ಟು ತಿರುಗಿ ನಿಂತಳು. ಮುಂದೆ ಸಾಲು ಕೂತವರಿರಲಿಲ್ಲ, ಮಾಸ್ತರ ಇರಲಿಲ್ಲ, ಜಲ್ಲಿಯ ರಾಶಿ ಇತ್ತು. ಮತ್ತೆ ನನ್ನ ಕಡೆ ತಿರುಗಿ ಮಾಂತುವನ್ನು ವಾಪಸು ಇಸಿದುಕೊಂಡಳು. ಅವನನ್ನು ಸೊಂಟಕ್ಕೇರಿಸಿ, ಇನ್ನೊಂದು ಕೈಯಲ್ಲಿ ಕೊಡ ಹಿಡಿದು ಟಾಕಿಯ ಕಡೆ ಹೋದಳು. ವಾರೆಯಾಗಿ ನಡೆಯುತ್ತಿದ್ದಳು.

ಆದ್ದರಿಂದ ನಾನು ವಿನಂತಿಸುತ್ತಿಲ್ಲ, ಕೇಳುತ್ತಿದ್ದೇನೆ. ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮಂದಾರನನ್ನು ನಮ್ಮ ಶಾಲೆಗೆ ವಾಪಸು ಕಳಿಸಿ. ಆಟದ ಅವಧಿ ವಾರಕ್ಕೆ ಎರಡು ಸಾಲದು, ದಿನಾ ಬೇಕು. ಆ ಹೊತ್ತಿಗೆ ಕೂಸುಗಳನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ. ನೇಮಿಸುವವರೆಗೆ ನಾನಿದ್ದೇನೆ, ಮಂಡಿನೋವು ನನ್ನದು, ನಿಮಗೆ ಅದರ ಚಿಂತೆ ಬೇಡ. ಇನ್ನು ಮುಂದೆ ಮಗುವಿನ ಹೆಜ್ಜೆ ಎಣಿಸುವ ಮೊದಲು ಅದರ ತಲೆಯ ಮೇಲೆ ಏನಿದೆ, ಸೊಂಟದ ಮೇಲೆ ಯಾರಿದ್ದಾರೆ ಎಂದು ನೋಡುವ ಒಂದು ಸಾಲನ್ನು ನಿಮ್ಮ ನಮೂನೆಯಲ್ಲಿ ಸೇರಿಸಿ. ಕಡತ ಮೇಲೆ ಹೋಗಬೇಕು, ಕೆಳಗೆ ಬರಬೇಕು, ಸಮಯ ಬೇಕು ಎನ್ನುತ್ತೀರಿ. ಒಂದನೇ ತಾರೀಖಿಗೆ ಇನ್ನು ಎಂಟು ದಿನವಿದೆ. ನಡುವೆ ಬರುವುದು ಒಂದೇ ಗುರುವಾರ.

ಇಂತಿ,
ಶಾಲೆಯ ಮಾನ ಉಳಿಸಲು ಹೋಗಿ ಮಕ್ಕಳ ಆಟ ಕಳೆದವಳು,
ರಂಜನಾ
ನಿವೃತ್ತ ಗುಮಾಸ್ತೆ, ಹಿಂಜವಾಡಿ, ಪುಣೆ