ಮುಚ್ಚಳದ ಅಳತೆ

ಆಸ್ಪತ್ರೆಯ ಎರಡನೇ ಮಹಡಿ,
ಹೆಂಗಸರ ವಾರ್ಡಿನ ಹೊರಗಿನ ಬೆಂಚು,
ಬುಧವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ನಿನ್ನ ಬೆನ್ನ ಮೇಲೆ ಎದ್ದಿದ್ದ ಗುಳ್ಳೆಗಳು ಒಣಗಿದವೇ? ಹೊತ್ತಿಗೆ ಸರಿಯಾಗಿ ಉಣ್ಣು, ನೀರು ಕುಡಿ. ನನ್ನ ಮಂಡಿ ಅದೇ ಹಳೇ ರಾಗ ಹಾಡುತ್ತಿದೆ, ಅದರ ಸುದ್ದಿ ಬಿಡು. ಫೋನಿನಲ್ಲಿ ನಿನ್ನ ಮಾತು ಅರ್ಧ ಕೇಳಿದರೆ ಅರ್ಧ ಸಮುದ್ರದ ಪಾಲು. ಅಲ್ಲದೆ ಈ ವಿಷಯವನ್ನು ಫೋನಿನಲ್ಲಿ ಕೂಗಿ ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮುಂದಿನ ಬಂದರಿಗೆ ಹೋಗುವ ಚೀಲದಲ್ಲಿ ಹಾಕುತ್ತೇವೆ ಎಂದು ನಿಮ್ಮ ಕಂಪನಿಯ ಆಫೀಸಿನವರು ಒಪ್ಪಿದ್ದಾರೆ. ಗಾಬರಿಯಾಗಬೇಡ, ಮೊದಲೇ ಹೇಳಿಬಿಡುತ್ತೇನೆ: ನಿನ್ನ ಹೆಂಡತಿ ಚೇತರಿಸಿಕೊಳ್ಳುತ್ತಿದ್ದಾಳೆ. ನಾನು ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದನ್ನು ನೋಡಿ ಬೆಳಿಗ್ಗೆ ಸ್ವಲ್ಪ ನಕ್ಕಳು ಕೂಡ.

ಆಪರೇಷನ್ ಆದ ದಿನ ಎಲ್ಲ ಸುಸೂತ್ರವಾಯಿತು ಎಂದಿದ್ದೆ. ಅದು ಸುಳ್ಳಲ್ಲ. ಮೂಗಿನೊಳಗಿಂದಲೇ ಹೋಗಿ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯನ್ನು ತೆಗೆದರು. ಅವಳ ಮುಖ ಊದಿಕೊಂಡಿದ್ದಕ್ಕೂ, ಎಲ್ಲಿ ತಾಗಿದರೂ ಮೈ ಕಪ್ಪುಗಟ್ಟುತ್ತಿದ್ದುದಕ್ಕೂ ಆ ಕಾಳಿನಷ್ಟು ಗೆಡ್ಡೆಯೇ ಕಾರಣವಂತೆ. ಆದರೆ ಮೂರನೇ ದಿನ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯಿತು. ಈ ಆಪರೇಷನ್ ಆದ ಕೆಲವರಿಗೆ ಹಾರ್ಮೋನಿನ ಏರುಪೇರಿನಿಂದ ಹೀಗಾಗುತ್ತದೆ ಎಂದರು ಡಾಕ್ಟರಮ್ಮ. ಪೊಟ್ಯಾಸಿಯಂ ಇಳಿದರೆ ಕೈಕಾಲಿನ ಕಸುವು ಹೋಗುತ್ತದೆ, ತೀರಾ ಇಳಿದರೆ ಹೃದಯವೇ ತಾಳ ತಪ್ಪುತ್ತದೆ. ಡ್ರಿಪ್ ಹಾಕಿ ಏರಿಸಿದರು, ಆಮೇಲೆ ಸಿರಪ್ ಬರೆದುಕೊಟ್ಟು ಮನೆಗೆ ಕಳಿಸಿದರು. ಬಾಟಲಿಯ ಮುಚ್ಚಳದಲ್ಲಿ ಗೆರೆಯ ತನಕ, ದಿನಕ್ಕೆ ಮೂರು ಸಲ, ಊಟದ ಮೇಲೆ, ಒಂದು ಲೋಟ ನೀರಿಗೆ ಬೆರೆಸಿ. ಕೊಡುವ ಕೆಲಸ ನನ್ನದು.

ಇಲ್ಲಿಂದ ಮುಂದಿನದನ್ನು ಸಮಾಧಾನದಿಂದ ಓದು. ನಿಮ್ಮಮ್ಮನ ಕಿಡ್ನಿ ಕೈಕೊಟ್ಟ ಮೇಲೆ ಒಂಬತ್ತು ವರ್ಷ ನಮ್ಮ ಮನೆಯಲ್ಲಿ ಪೊಟ್ಯಾಸಿಯಂ ಅಂದರೆ ಕಳ್ಳನ ಹೆಸರು. ಕೆಟ್ಟ ಕಿಡ್ನಿ ಅದನ್ನು ಹೊರಹಾಕದು, ರಕ್ತದಲ್ಲಿ ಏರಿದರೆ ಎದೆಯೇ ನಿಲ್ಲುತ್ತದೆ. ವಾರಕ್ಕೆರಡು ಸಲ ಡಯಾಲಿಸಿಸ್, ಉಳಿದ ದಿನ ಕಾವಲು. ತರಕಾರಿ ಹೆಚ್ಚು, ನೆನೆಹಾಕು, ಕುದಿಸು, ಬಸಿ, ಮತ್ತೆ ಕುದಿಸು, ಮತ್ತೆ ಬಸಿ. ಡಿಪೋದಲ್ಲಿ ಬಸ್ಸಿನ ಗೇರ್ ಬಾಕ್ಸ್ ಬಿಚ್ಚುತ್ತಿದ್ದ ಕೈ ಇದನ್ನೆಲ್ಲ ಕಲಿತದ್ದು ಅವಳಿಗಾಗಿ. “ರುಚಿಯೆಲ್ಲ ಚರಂಡಿಗೆ, ಚರಟ ನಮ್ಮ ತಟ್ಟೆಗೆ” ಎಂದು ಗೊಣಗುತ್ತಲೇ ಉಣ್ಣುತ್ತಿದ್ದಳು, ಪಾಪ. ಅವಳು ಹೋಗಿ ನಾಲ್ಕು ವರ್ಷವಾಯಿತು, ನಾನು ಇವತ್ತಿಗೂ ತರಕಾರಿ ಎರಡು ಸಲ ಕುದಿಸಿ ನೀರು ಚೆಲ್ಲುತ್ತೇನೆ. ನಿನ್ನ ಹೆಂಡತಿ ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ.

ಸಿರಪ್ಪಿನ ಬಾಟಲಿಯ ಮೇಲೆ ಅದೇ ಹೆಸರು, ಇಷ್ಟು ದಪ್ಪ ಅಕ್ಷರದಲ್ಲಿ. ಮೊದಲ ದಿನ ಗೆರೆಯ ತನಕವೇ ಅಳೆದು ಕೊಟ್ಟೆ. ಕುಡಿದವಳು ಹೊಟ್ಟೆ ಉರಿಯುತ್ತದೆ, ಎದೆ ಡವಡವ ಅನ್ನುತ್ತದೆ ಎಂದಳು. ನನ್ನ ಜೀವ ಬಾಯಿಗೆ ಬಂತು. ಮಾರನೇ ದಿನದಿಂದ ಮುಚ್ಚಳ ಬಿಟ್ಟು ಚಮಚ ಹಿಡಿದೆ. ಗೆರೆಯ ತನಕ ಅಂದರೆ ಮೂರು ಚಮಚ. ನಾನು ಹಾಕಿದ್ದು ಒಂದು, ಆಮೇಲೆ ಅರ್ಧ. ಅತಿಯಾದರೆ ಅಮೃತವೂ ವಿಷ ಎಂದು ನನಗೆ ನಾನೇ ಹೇಳಿಕೊಂಡೆ. ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಒಂಬತ್ತು ವರ್ಷ ರೋಗಿಯನ್ನು ನೋಡಿಕೊಂಡವನಿಗೆ ಯಾರನ್ನೂ ಕೇಳಬೇಕಾಗಿಲ್ಲ ಅನ್ನುವ ಜಂಬ.

ಹತ್ತನೇ ದಿನ ಬೆಳಿಗ್ಗೆ ಅವಳು, ತನ್ನ ಡ್ರೈವಿಂಗ್ ಶಾಲೆಯ ಕಾರು ಸುಮ್ಮನೆ ನಿಂತು ಹಾಳಾಗುತ್ತಿದೆ, ಒಂದು ಸಲ ಸ್ಟಾರ್ಟ್ ಮಾಡೋಣ ಎಂದು ಹೋಗಿ ಕೂತಳು. ನಾನು ಬಾನೆಟ್ ಎತ್ತಿಕೊಂಡು ನಿಂತಿದ್ದೆ. ಎಷ್ಟು ಹೊತ್ತಾದರೂ ಸ್ಟಾರ್ಟ್ ಆಗಲಿಲ್ಲ. ಇಣುಕಿದರೆ ಎರಡೂ ಕೈಯಿಂದ ಎಡಗಾಲಿನ ಮಂಡಿಯನ್ನು ಒತ್ತಿ ಹಿಡಿದಿದ್ದಾಳೆ. “ಕ್ಲಚ್ ಒತ್ತಕ್ಕೇ ಆಗ್ತಿಲ್ಲ ಮಾವ. ಕಾಲು ನಂದಲ್ಲ ಅನ್ನೋ ಹಾಗಿದೆ.” ಕಲಿಯಲು ಬಂದವರಿಗೆಲ್ಲ ಕ್ಲಚ್ ಪೂರ್ತಿ ಒತ್ತಿ ಅಂತ ಗದರುವವಳು ನಮ್ಮ ಮೇಷ್ಟ್ರಮ್ಮ! ಮೊದಲು ಅವಳೇ ನಕ್ಕಳು, ಆಮೇಲೆ ಎದೆ ಹಿಡಿದುಕೊಂಡಳು. ಪಕ್ಕದ ಸೀಟಿಗೆ ಅವಳನ್ನು ಸರಿಸಿ, ಎಲ್ ಬೋರ್ಡ್ ನೇತಾಡುತ್ತಿದ್ದ ಅದೇ ಕಾರಿನಲ್ಲಿ ನಾನೇ ಇಲ್ಲಿಗೆ ತಂದೆ.

ಪೊಟ್ಯಾಸಿಯಂ ಮೂರೂವರೆಯ ಮೇಲಿರಬೇಕು, ಅವಳದು ಎರಡು ಪಾಯಿಂಟ್ ಎರಡು. ಎದೆಗೆ ವೈರು, ಕೈಗೆ ಡ್ರಿಪ್. ಆ ಡ್ರಿಪ್ ನರದೊಳಗೆ ಉರಿಯುತ್ತದಂತೆ ಕಣೋ, ತುಟಿ ಕಚ್ಚಿಕೊಂಡು ಮಲಗಿದ್ದಳು. ಸಿರಪ್ ಸರಿಯಾಗಿ ತಗೊಂಡಿದ್ದೀರಾ ಎಂದು ಡಾಕ್ಟರಮ್ಮ ಕೇಳಿದರು. ನಿನ್ನ ಹೆಂಡತಿ ನನ್ನ ಕಡೆ ಕೈ ತೋರಿಸಿ ಹೇಳಿದಳು: “ನಮ್ಮ ಮಾವ ಒಂದು ಹೊತ್ತೂ ತಪ್ಪಿಸಿಲ್ಲ ಮೇಡಂ. ಗಡಿಯಾರ ನೋಡ್ಕೊಂಡು ಕೊಡ್ತಾರೆ.” ನಾನು ಗೋಡೆ ನೋಡುತ್ತಾ ನಿಂತೆ. ಇಷ್ಟು ಸಿರಪ್ ಕುಡಿದೂ ಹೀಗೆ ಇಳಿದಿದೆ ಅಂದರೆ ಗೆಡ್ಡೆಯ ಚೂರು ಒಳಗೆ ಉಳಿದಿರಬೇಕು ಎಂದರು. ಹಾರ್ಮೋನಿನ ವರದಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹಾಗಾಗಿ ಶುಕ್ರವಾರ ಮತ್ತೆ ಮೂಗಿನಿಂದ ಒಳಹೊಕ್ಕು ನೋಡುವುದು ಎಂದು ತೀರ್ಮಾನವಾಯಿತು. ಚಮಚದ ವಿಷಯ ಮುಚ್ಚಿಟ್ಟುಕೊಂಡು ಎರಡು ದಿನ ಹಾಗೇ ಕಳೆದೆ, ಈ ಬೆಂಚಿನ ಮೇಲೆ, ಕ್ಯಾಂಟೀನಿನ ಚಹಾ ಕುಡಿಯುತ್ತಾ.

ನಿನ್ನೆ ಬೆಳಿಗ್ಗೆ ನರ್ಸ್ ಒಪ್ಪಿಗೆಯ ಫಾರಂ ತಂದಳು. ರೋಗಿಯ ಕಡೆಯವರು ನಾನು, ಸಹಿ ನನ್ನದು. ರಕ್ತಸ್ರಾವ ಆಗಬಹುದು, ಮೆದುಳಿನ ಸುತ್ತಲಿನ ನೀರು ಸೋರಬಹುದು, ಇಡೀ ಗ್ರಂಥಿಯೇ ಕೆಲಸ ನಿಲ್ಲಿಸಬಹುದು, ಪ್ರಾಣಾಪಾಯವೂ ಉಂಟು. ಒಂದೊಂದೇ ಓದಿದೆ. ಪೆನ್ನು ಕಾಗದಕ್ಕೆ ತಾಗಲಿಲ್ಲ. ಫಾರಂ ಹಿಡಿದುಕೊಂಡೇ ಡಾಕ್ಟರಮ್ಮನ ಕೋಣೆಗೆ ಹೋಗಿ, ನಿಂತಲ್ಲೇ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದಿಟ್ಟು, “ಶುಕ್ರವಾರ ನಾನು ಅವರ ತಲೆಗೆ ಕೈ ಹಾಕ್ತಿದ್ದೆ. ಗೊತ್ತಾ ನಿಮಗೆ?” ಎಂದರು. ಗೊತ್ತು ಎಂದೆ. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರು, ಅದನ್ನೂ ಹೇಳಿದೆ.

ಆಮೇಲೆ ಅವಳಿಗೆ ಹೇಳುವುದಿತ್ತು. ಹೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದಳು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು, ನೀನು ಅವಳ ಬಾಯಿ ಬಲ್ಲೆಯಲ್ಲ. ಸಂಜೆ ಸಿರಪ್ ಬಂದಾಗ ಎದ್ದು ಕೂತು, “ಇನ್ಮೇಲೆ ಮುಚ್ಚಳ ನಾನೇ ಅಳೆದ್ಕೋತೀನಿ ಮಾವ. ನೀವು ಪಕ್ಕದಲ್ಲಿ ಕೂತಿರಿ, ಸಾಕು” ಎಂದಳು. ಕೂತಿದ್ದೆ. ಇವತ್ತು ಬೆಳಿಗ್ಗೆ ಮೂರು ಪಾಯಿಂಟ್ ಆರು ಬಂದಿದೆ. ಶುಕ್ರವಾರದ ಆಪರೇಷನ್ ಸದ್ಯಕ್ಕೆ ತೆಗೆದುಹಾಕಿದ್ದಾರೆ. ಮುಂದಿನ ವಾರ ಹಾರ್ಮೋನು ಮತ್ತೊಮ್ಮೆ ನೋಡುತ್ತಾರೆ, ಅದು ಕೆಟ್ಟು ಬಂದರೆ ಆಗ ಬೇರೆ ಮಾತು. ಬರಲಾರದು ಎನ್ನುತ್ತಾರೆ ಡಾಕ್ಟರಮ್ಮ.

ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ನುಂಗಿಕೊಳ್ಳಬೇಡ, ಬರೆದುಬಿಡು. ಆದರೆ ಮೊದಲ ಕಾಗದ ಅವಳಿಗೆ ಬರೆ. ನನಗೆ ಸಾಕಾಗಿದೆ ಮಗನೇ, ಕೂತಲ್ಲೇ ಕಣ್ಣು ಎಳೆಯುತ್ತಿದೆ. ನೀನು ಎಲ್ಲೇ ಇರು, ತಣ್ಣಗಿರು. ನಿನ್ನ ಜೊತೆ ಕೆಲಸ ಮಾಡುವವರಿಗೂ ಈ ಮುದುಕನ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ಅಪ್ಪ

ತಾ.ಕ.: ಮರೆತೆ ಎಂದು ಬರೆಯಲಾರೆ, ಮರೆತಿರಲಿಲ್ಲ. ಆಫೀಸಿನ ಚೀಲ ಮೂರು ಗಂಟೆಗೆ ಹೋಗುತ್ತದೆ, ಬೇಗ ಬರೆಯುತ್ತೇನೆ. ನಿಮ್ಮಮ್ಮ ಹೋಗುವ ಹಿಂದಿನ ಮಧ್ಯಾಹ್ನ ಒಂದು ಬಾಳೆಹಣ್ಣು ಕೇಳಿದಳು, ಪೊಟ್ಯಾಸಿಯಂ ತುಂಬಿದ ಹಣ್ಣು. ಒಂಬತ್ತು ವರ್ಷದಲ್ಲಿ ಅದೊಂದೇ ಸಲ ಕೇಳಿದ್ದು. ನಾನು ಅರ್ಧ ಕೊಟ್ಟೆ. ಬೆಳಿಗ್ಗೆ ನೋಡಿದರೆ ಎದೆ ನಿಂತುಹೋಗಿತ್ತು. ಕೈಯಾರೆ ಕೊಂದೆ ಎಂದುಕೊಂಡೇ ನಾಲ್ಕು ವರ್ಷ ನಿನ್ನ ಮುಂದೆ ಓಡಾಡಿದ್ದೇನೆ. ಡಾಕ್ಟರಮ್ಮ ಯಾಕೆ ಎಂದಾಗ ಹೇಳಿದ್ದು ಇದನ್ನೇ. ಅರ್ಧ ಹಣ್ಣಿಗೆ ಹಾಗಾಗಲ್ಲ, ಅವರ ಹೃದಯ ಮೊದಲೇ ಸೋತಿತ್ತು, ಒಂದು ತಿಂದಿದ್ದರೂ ಅಷ್ಟೇ, ತಿನ್ನದಿದ್ದರೂ ಅಷ್ಟೇ ಎಂದರು. ಕೇಳಿ ಹಗುರಾಗಬೇಕಿತ್ತು, ಆಗಲಿಲ್ಲ ಕಣೋ. ಉಳಿದರ್ಧವನ್ನು ಅವಳು ಮತ್ತೆ ಕೇಳಬಾರದೆಂದು ಅವಳ ಕಣ್ಣೆದುರೇ ನಾನು ತಿಂದುಬಿಟ್ಟಿದ್ದೆ.