ಇಲ್ಯಾನ ಹೆಸರಿನ ಮನೆ

ರೆಡ್‌ವುಡ್ ಸಿಟಿ
೧೪ ಅಕ್ಟೋಬರ್ ೨೦೨೫

ನನ್ನ ಗಾರ್ಗಿ ಅಕ್ಕನಿಗೆ,

ಲಾಸ್ಯಾಳನ್ನು ಡೇಕೇರಿಗೆ ಬಿಟ್ಟು, ಪಾರ್ಕಿಂಗಿನಲ್ಲಿ ಕಾರೊಳಗೇ ಕೂತು ಬರೆಯುತ್ತಿದ್ದೇನೆ. ನಿದ್ದೆಯಿಲ್ಲದೆ ಐದು ದಿನವಾಯಿತು. ಫೋನಿನಲ್ಲಿ ಹೇಳಹೊರಟರೆ ಅತ್ತುಬಿಡುತ್ತೇನೆ.

ಇಲ್ಯಾನ ದೇಶದಿಂದ ನೋಟೀಸು ಬಂದಿದೆ. ಹೊರದೇಶದಲ್ಲಿರುವ ಗಂಡಸರು ತಿಂಗಳ ಕೊನೆಯೊಳಗೆ ಸೈನ್ಯಕ್ಕೆ ಹಾಜರಾಗಬೇಕಂತೆ. ಇಲ್ಲದಿದ್ದರೆ ಅವರ ಹೆಸರಿನ ಆಸ್ತಿಯೆಲ್ಲ ಸರ್ಕಾರಕ್ಕೆ. ಇವನ ಹೆಸರಿನಲ್ಲಿರುವುದು ಒಂದೇ, ಅತ್ತೆ ವಾಸವಾಗಿರುವ ಎರಡು ಕೋಣೆಯ ಫ್ಲ್ಯಾಟು. ನಮ್ಮ ಮದುವೆಯ ಉಡುಗೊರೆಯೆಂದು ಅವರೇ ಮಗನ ಹೆಸರಿಗೆ ಬರೆದುಕೊಟ್ಟದ್ದು.

ಇಲ್ಯಾ ಶುಕ್ರವಾರಕ್ಕೆ ಟಿಕೆಟ್ ತೆಗೆದಿದ್ದಾನೆ. ಹೋದವರನ್ನು ನೇರ ಯುದ್ಧಕ್ಕೆ ಕಳಿಸುತ್ತಾರೆಂದು ಅವನಿಗೂ ಗೊತ್ತು. ಬೇಡವೆಂದೆ. ಅರವತ್ತೆಂಟು ವರ್ಷದ ಅಮ್ಮನನ್ನು ಬೀದಿಗೆ ಹಾಕಿಸಿ ನಾನಿಲ್ಲಿ ಕೂತು ಕೋಡ್ ಬರೆಯಲಾ ಅಂದ. ಹಾಗಾದರೆ ನಾನೂ ಲಾಸ್ಯಾಳೂ ನಿನಗೇನೂ ಅಲ್ಲವಾ ಅಂದೆ. ನಿನಗೆ ಕೆಲಸವಿದೆ, ಅಮ್ಮನಿಗೆ ಆ ಮನೆ ಬಿಟ್ಟರೆ ಏನಿದೆ ಹೇಳು ಅಂದ. ಲಾಸ್ಯಾ ಅವನ ಸೂಟ್‌ಕೇಸಿನಲ್ಲಿ ತನ್ನ ಸ್ವಿಮ್‌ಸೂಟು ಇಟ್ಟು, ಐ ಆಮ್ ಆಲ್ಸೋ ಗೋಯಿಂಗ್ ಅಂತ ಕುಣಿಯುತ್ತಾಳೆ.

ಅಕ್ಕಾ, ನಿನಗೆ ಮಾತ್ರ ಹೇಳುತ್ತೇನೆ. ಆ ಮನೆ ಬೇಗ ಹೋಗಿಬಿಡಲಿ, ಆಮೇಲೆ ಇವನು ಹೋಗಲು ಕಾರಣವೇ ಇರುವುದಿಲ್ಲ ಎಂದು ದೇವರಲ್ಲಿ ಬೇಡಿಕೊಂಡೆ. ನನ್ನ ಬಾಣಂತನಕ್ಕೆ ಬಂದು, ಒಂದು ಮಾತೂ ಅರ್ಥವಾಗದೆ ಮೂರು ತಿಂಗಳು ನನ್ನ ಬೆನ್ನಿಗೆ ಎಣ್ಣೆ ತಿಕ್ಕಿದ ಹೆಂಗಸು ಅವರು. ಅವರ ಸೂರು ಹೋಗಲಿ ಎಂದು ಬೇಡಿದ ಸೊಸೆ ನಾನು.

ಭಾವನಿಗೆ ಇದನ್ನು ತೋರಿಸಬೇಡ.

ನಿನ್ನ ತಂಗಿ,
ಸಂಯುಕ್ತಾ

ತಾ.ಕ.: ಬೇಡಿಕೊಂಡೆ ಎಂದಷ್ಟೇ ಬರೆದೆ, ಅದು ಪೂರ್ತಿ ನಿಜವಲ್ಲ. ನಿನ್ನೆ ಇಲ್ಯಾ ಸ್ನಾನಕ್ಕೆ ಹೋದಾಗ ಅವನ ಫೋನಿನಿಂದ, ಅವನೇ ಬರೆದಂತೆ, ಅವರ ಭಾಷೆಗೆ ಅನುವಾದ ಮಾಡಿಸಿ ಅತ್ತೆಗೆ ಮೆಸೇಜು ಕಳಿಸಿದೆ. ಅಮ್ಮಾ, ಊಟ ಆಯಿತಾ? ನಾನು ಬರುವುದಿಲ್ಲ, ಮನೆ ಬಿಟ್ಟುಕೊಡು ಅಂತ. ಕಳಿಸಿದ್ದನ್ನು ಅವನ ಫೋನಿನಿಂದ ಅಳಿಸಿಬಿಟ್ಟೆ. ಉತ್ತರ ಈಗ ನನ್ನ ಫೋನಿಗೇ ಬಂತು. ಮೂವತ್ತಾರು ವರ್ಷದಲ್ಲಿ ನನ್ನ ಮಗ ಒಮ್ಮೆಯೂ ಊಟ ಆಯಿತಾ ಎಂದು ಕೇಳಿದವನಲ್ಲ, ನೀನೇ ಅಂತ ಗೊತ್ತಾಯಿತು ಎಂದಿದ್ದಾರೆ. ತಾವಾಗಿಯೇ ಸರ್ಕಾರಿ ಕಚೇರಿಗೆ ಹೋಗಿ ಮನೆಯ ಬೀಗದಕೈ ಒಪ್ಪಿಸಿ ಬಂದರಂತೆ. ಬಂದು ಉಳಿಸುವಂಥದ್ದು ಇನ್ನೇನೂ ಇಲ್ಲ, ಹಾಗಂತ ಅವನಿಗೆ ನಾನೇ ಹೇಳುತ್ತೇನೆ, ನೀನು ಬಾಯಿಬಿಡಬೇಡ ಎಂದಿದ್ದಾರೆ. ಕೊನೆಗೆ ಇನ್ನೊಂದು ಸಾಲು: ಊಟ ಆಯಿತು, ನನ್ನ ತಂಗಿಯ ಮನೆಯಲ್ಲಿ.